ಚಕ್ಕಡಿಯ ಕೆಳಗಿನ ಕಂದೀಲು

ಜನವರಿಯ ಸೋಮವಾರ ಇಲ್ಲವೇ ಗುರುವಾರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಕ್ರಾಸಿಗೆ ಬಂದು ನಿಲ್ಲಿ. ಗಾಳಿಗೇ ಮೆಣಸಿನಕಾಯಿಯ ಘಾಟು ಇರುತ್ತದೆ. ಅವು ಬ್ಯಾಡಗಿ ಮಾರುಕಟ್ಟೆಯ ವಹಿವಾಟಿನ ದಿನಗಳು. ಗದಗ, ಬಳ್ಳಾರಿ, ರಾಯಚೂರು ಸೀಮೆಯಿಂದ, ಆಂಧ್ರದಿಂದ ಚೀಲ ಹೇರಿಕೊಂಡ ಲಾರಿಗಳು ಹಿಂದಿನ ಸಂಜೆಯಿಂದಲೇ ಬರತೊಡಗುತ್ತವೆ. ಅದೇ ಹೊತ್ತಿಗೆ ಬೆಂಗಳೂರು, ಪುಣೆಗಳ ನಡುವೆ ಓಡುವ ಬಸ್ಸು, ಕಂಟೇನರು, ಕಾರುಗಳು ಹೆದ್ದಾರಿಯಲ್ಲಿ ತಮ್ಮ ಪಾಡಿಗೆ ತಾವು ಧಾವಿಸುತ್ತಿರುತ್ತವೆ. ನಮ್ಮ ಹಿರಿಯರ ಬಾಯಲ್ಲಿ ಇದು ಇಂದಿಗೂ ಪಿ.ಬಿ. ರೋಡು. ಸರ್ಕಾರದ ಕಡತದಲ್ಲಿ ಮೊದಲು ರಾಷ್ಟ್ರೀಯ ಹೆದ್ದಾರಿ 4, ಈಗ 48.

ಅದೇ ಜನವರಿ ರಸ್ತೆ ಸುರಕ್ಷತೆಯ ತಿಂಗಳೂ ಹೌದು. ಮೊದಲು ವರ್ಷಕ್ಕೊಂದು ಸಪ್ತಾಹವಿತ್ತು. 2021ರಲ್ಲಿ ಮೊದಲ ಬಾರಿ ತಿಂಗಳ ಆಚರಣೆ ನಡೆಯಿತು, ಈಗ ಜನವರಿಯಿಡೀ ಮಾಸಾಚರಣೆ. ಹಾವೇರಿಯಲ್ಲಿ, ರಾಣೆಬೆನ್ನೂರಿನಲ್ಲಿ, ಬ್ಯಾಡಗಿಯಲ್ಲಿ ಶಾಲಾ ಮಕ್ಕಳು ಫಲಕ ಹಿಡಿದು ಸಾಲಾಗಿ ಜಾಥಾ ಹೊರಡುತ್ತಾರೆ. ಹಸಿರು ನಿಶಾನೆ, ಘೋಷಣೆ, ಪ್ರತಿಜ್ಞೆ. ಹೆಲ್ಮೆಟ್ ಹಾಕದ ಬೈಕ್ ಸವಾರನ ಕೈಗೆ ಗುಲಾಬಿ ಹೂ. ನಾನೂ ಹುಡುಗನಾಗಿದ್ದಾಗ ಇಂಥ ಸಾಲಿನಲ್ಲಿ ನಡೆದವನು. ಗಂಟಲು ಹರಿಯುವಂತೆ ಕೂಗಿದ್ದೇನೆ, ಮನೆಗೆ ಹೋಗಿ ಅಪ್ಪನಿಗೆ ಹೇಳಿದ್ದೇನೆ. ಮಗು ಹೇಳಿದ ಮಾತು ಮನೆಯಲ್ಲಿ ನಾಟುತ್ತದೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಐವತ್ತು ಸಾವಿರದಷ್ಟು ಜನ ಹೆಲ್ಮೆಟ್ ಇಲ್ಲದವರು. ಹಾಗಾಗಿ ಹೆಲ್ಮೆಟ್ ಕುರಿತು ಎಷ್ಟು ಕೂಗಿದರೂ ಕಡಿಮೆಯೇ.

ಆದರೆ ನಮ್ಮ ತಾಲ್ಲೂಕಿನ ಹೆದ್ದಾರಿಯ ಮೇಲಿನ ದೊಡ್ಡ ಸಾವುಗಳು ಬೇರೆಯದೇ ಕತೆ ಹೇಳುತ್ತವೆ.

2024ರ ಜೂನ್ 28ರ ನಸುಕು. ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಹಿಂದಿನಿಂದ ಟೆಂಪೊ ಟ್ರಾವೆಲರ್ ಬಡಿಯಿತು. ಹದಿಮೂರು ಜನ ಹೋದರು. ಹೆಚ್ಚಿನವರು ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಕಡೆಯವರು, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವುದು ಇಡೀ ಸೀಮೆಯ ರೂಢಿ. ಹಗಲು ದರ್ಶನ, ರಾತ್ರಿ ಪಯಣ, ಬೆಳಗಾಗುವುದರೊಳಗೆ ಮನೆ, ಮರುದಿನ ಮತ್ತೆ ಹೊಲ. ಒಂದು ದಿನದ ಕೂಲಿಯೂ ಕೆಡಬಾರದೆಂಬ ಲೆಕ್ಕ ಅದರ ಹಿಂದಿದೆ. ವರ್ಷ ತುಂಬುವ ಮೊದಲೇ, 2025ರ ಮೇ 8ರಂದು, ಮೋಟೆಬೆನ್ನೂರಿನ ಹತ್ತಿರವೇ ಲಾರಿ, ಕಾರು ಅಪಘಾತದಲ್ಲಿ ಆರು ಜೀವ ಹೋದವು.

ನಿಂತ ಲಾರಿ ಅಷ್ಟೊಂದು ಅಪಾಯಕಾರಿ ಏಕೆಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಗಂಟೆಗೆ 100 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಡಿಮ್ ಮಾಡಿದ ಹೆಡ್‌ಲೈಟು ಐವತ್ತು ಅರವತ್ತು ಮೀಟರ್ ತೋರಿಸಿದರೆ ಹೆಚ್ಚು. ಅಂದರೆ ಕಣ್ಣಿಗೆ ಬಿದ್ದ ಲಾರಿಗೂ ನಮಗೂ ನಡುವೆ ಇರುವುದು ಎರಡು ಸೆಕೆಂಡು. ಅದರಲ್ಲಿ ಒಂದು ಸೆಕೆಂಡು ‘ಅದು ನಿಂತಿದೆ, ಓಡುತ್ತಿಲ್ಲ’ ಎಂದು ತಲೆಗೆ ಹೊಳೆದು ಕಾಲು ಬ್ರೇಕಿಗೆ ಹೋಗುವುದರಲ್ಲೇ ಕಳೆಯುತ್ತದೆ. ಉಳಿದ ಒಂದು ಸೆಕೆಂಡಿನಲ್ಲಿ ಯಾವ ಗಾಡಿಯೂ ನಿಲ್ಲುವುದಿಲ್ಲ. ಅದೂ ನಸುಕಿನ ಮೂರು ನಾಲ್ಕು ಗಂಟೆಯಲ್ಲಿ, ಮನುಷ್ಯನ ಮೈ ನಿದ್ದೆ ಬೇಡುವ ಹೊತ್ತಿನಲ್ಲಿ.

ಇದಕ್ಕೆ ಕಾನೂನಿಲ್ಲವೆಂದಲ್ಲ. ಇತರರಿಗೆ ಅಪಾಯವಾಗುವಂತೆ ವಾಹನ ನಿಲ್ಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 122ನೇ ಕಲಂ. ಸರಕು ವಾಹನದ ಹಿಂದೆ ಕೆಂಪು, ಮುಂದೆ ಬಿಳಿ, ಬದಿಗೆ ಹಳದಿ ಹೊಳೆಯುವ ಪಟ್ಟಿ ಇರಬೇಕು, ಕೆಟ್ಟು ನಿಂತರೆ ತ್ರಿಕೋನದ ಫಲಕ ಇಡಬೇಕು ಎನ್ನುತ್ತವೆ ನಿಯಮಗಳು. ಚಾಲಕನ ದುಡಿಮೆ ದಿನಕ್ಕೆ ಎಂಟು ಗಂಟೆ ಮೀರಬಾರದೆಂದು 1961ರಲ್ಲೇ ಕಾಯ್ದೆ ಬಂದಿತ್ತು. ಆದರೆ ರಸ್ತೆಯಲ್ಲಿ ಕಾಣುವ ಪಟ್ಟಿಗೆ ಎಷ್ಟೋ ಸಲ ಧೂಳು ಮೆತ್ತಿರುತ್ತದೆ, ಇಲ್ಲವೇ ಇಳಿಬಿಟ್ಟ ತಾಡಪತ್ರಿ ಅದನ್ನು ಮುಚ್ಚಿರುತ್ತದೆ. ಕಣ್ಣು ಎಳೆಯುತ್ತಿರುವ ಡ್ರೈವರ್ ಎಲ್ಲಿ ನಿಲ್ಲಿಸಬೇಕು? ಧಾಬಾದ ಅಂಗಳ ತುಂಬಿದೆ, ಸರ್ವಿಸ್ ರೋಡಿನಲ್ಲಿ ಸಂತೆ. ಅವನು ರಸ್ತೆಯ ಅಂಚಿಗೇ ಒತ್ತಿ ಮಲಗುತ್ತಾನೆ. ಅವನನ್ನು ಬೈದರೆ ಸಾಲದು, ಅವನಿಗೆ ಮಲಗಲು ಜಾಗ ಕೊಡಬೇಕು.

ಇನ್ನು ನಮ್ಮದೇ ತಪ್ಪು. ಸುಗ್ಗಿ ಬಂತೆಂದರೆ ಹಾವೇರಿ ಜಿಲ್ಲೆಯ ಹಳ್ಳಿಯ ರಸ್ತೆಗಳೆಲ್ಲ ಕಣ. ಗೋವಿನಜೋಳ ಒಣಗಲು ಹರಡುತ್ತೇವೆ, ರಾಶಿ ಮಾಡುತ್ತೇವೆ, ರಾತ್ರಿ ಇಬ್ಬನಿ ಬೀಳುತ್ತದೆಂದು ಕಪ್ಪು ತಾಡಪತ್ರಿ ಹೊದಿಸಿ ಸುತ್ತ ಕಲ್ಲು ಇಡುತ್ತೇವೆ. ಕತ್ತಲಲ್ಲಿ ಆ ರಾಶಿ ಬೈಕಿನವನಿಗೆ ಕಾಣುವುದಿಲ್ಲ, ಕಲ್ಲಂತೂ ಕಾಣುವುದೇ ಇಲ್ಲ. ರೈತನಿಗೆ ಬೇರೆ ದಾರಿಯೂ ಇಲ್ಲ. ಸಗಣಿ ಸಾರಿಸಿ ಕಣ ಮಾಡುವ ಕಾಲ ಹೋಯಿತು, ಊರಿಗೆಲ್ಲ ಸಾಲುವಷ್ಟು ಸಿಮೆಂಟಿನ ಕಣ ಬರಲಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರಿನ ಟ್ರೇಲರುಗಳೂ ಹಾಗೆಯೇ. ಹಿಂದೆ ಒಂದು ದೀಪವಿಲ್ಲ, ಜಲ್ಲೆಗಳು ಗಾಡಿಯ ಅಗಲ ಮೀರಿ ಚಾಚಿಕೊಂಡಿರುತ್ತವೆ.

ನಮ್ಮ ಹಿರಿಯರು ರಾತ್ರಿ ಚಕ್ಕಡಿ ಹೂಡಿದರೆ ಅಚ್ಚಿನ ಕೆಳಗೆ ಕಂದೀಲು ಕಟ್ಟದೆ ಹೊರಡುತ್ತಿರಲಿಲ್ಲ. ಎತ್ತಿಗೆ ದಾರಿ ಕಾಣಲಿ ಎಂಬುದಷ್ಟೇ ಅಲ್ಲ, ಹಿಂದೆ ಬರುವವನಿಗೆ ಚಕ್ಕಡಿ ಕಾಣಲಿ ಎಂದೂ. ಆಗ ಮಾಸಾಚರಣೆ ಇರಲಿಲ್ಲ. ಎಣ್ಣೆ ದುಬಾರಿಯಾಗಿತ್ತು, ಆದರೂ ಕಟ್ಟುತ್ತಿದ್ದರು. ಇವತ್ತು ಕೆಂಪು ಪಟ್ಟಿಯ ಬೆಲೆ ಒಂದು ಚೀಲ ಮೆಣಸಿನಕಾಯಿಯ ಬೆಲೆಯ ಮುಂದೆ ಏನೂ ಅಲ್ಲ.

ಜಾಥಾ ಎಂದಾಗ ಮೋಟೆಬೆನ್ನೂರಿನವರಿಗೆ ನೆನಪಾಗಬೇಕಾದ ನಡಿಗೆ ಒಂದಿದೆ. 1911ರ ಜೂನ್ 8ರಂದು ಈ ಊರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪ, ಹತ್ತೊಂಬತ್ತು ತುಂಬುವ ಮೊದಲೇ, 1930ರ ಮಾರ್ಚ್ 12ರಂದು ಗಾಂಧೀಜಿಯ ಜೊತೆ ಸಾಬರಮತಿಯಿಂದ ದಂಡಿಗೆ ಹೊರಟವರು. ಕರ್ನಾಟಕದಿಂದ ಆ ತಂಡದಲ್ಲಿದ್ದವರು ಅವರೊಬ್ಬರೇ. ಸುಮಾರು 385 ಕಿಲೋಮೀಟರ್, ಇಪ್ಪತ್ತನಾಲ್ಕು ದಿನ. ನಡುವೆ ತಂಗಿದ ಹಳ್ಳಿಗಳಲ್ಲಿ ಸಭೆ, ಉಪ್ಪಿನ ಮಾತಿನ ಜೊತೆಗೆ ಖಾದಿ, ಮದ್ಯಪಾನ, ಅಸ್ಪೃಶ್ಯತೆ, ಊರಿನ ನೈರ್ಮಲ್ಯದ ಮಾತು. ಅದು ಜಾಗೃತಿಯ ಜಾಥಾವೇ. ಆದರೆ ಅದು ಯಾರಿಗೆ ಹೇಳಬೇಕೋ ಅವರ ಅಂಗಳಕ್ಕೇ ಹೋಗಿ ನಿಲ್ಲುತ್ತಿತ್ತು, ರಾತ್ರಿ ಅಲ್ಲೇ ತಂಗುತ್ತಿತ್ತು. ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೊಂದಿಗೆ ಗುಂಡಿಗೆ ಬಲಿಯಾದರು. ಹಾವೇರಿಯ ವೀರಸೌಧ ಅವರ ಸ್ಮಾರಕ.

ಹಾಗಾದರೆ ನಮ್ಮ ಜಾಥಾ ಯಾರ ಅಂಗಳಕ್ಕೆ ಹೋಗಬೇಕು? ಬೆಳಿಗ್ಗೆ ಹತ್ತು ಗಂಟೆಗೆ ಊರ ಮುಖ್ಯ ಬೀದಿಯಲ್ಲಿ ಹೊರಟ ಜಾಥಾದ ಕೂಗು ನಸುಕಿನ ಮೂರಕ್ಕೆ ಹೆದ್ದಾರಿಯಲ್ಲಿರುವ ಡ್ರೈವರಿಗೆ ಕೇಳುವುದಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೊರಡುವ ಮುನ್ನ ಊರಲ್ಲಿ ಟೆಂಪೊ ಟ್ರಾವೆಲರ್ ಗೊತ್ತುಮಾಡುವಾಗಲೇ ಮಾತು ಆಗಬೇಕು: ಇಬ್ಬರು ಡ್ರೈವರ್ ಇದ್ದಾರೆಯೇ, ರಾತ್ರಿ ಎಲ್ಲಿ ತಂಗುತ್ತೀರಿ ಎಂದು. ಮನೆಯ ಅವ್ವ ಹೊಸಿಲಲ್ಲಿ ನಿಂತು ‘ಸಾವಕಾಶ ಹೊಡಿಯಪ್ಪಾ, ನಿದ್ದಿ ಬಂದ್ರ ಬದಿಗೆ ನಿಂದ್ರಿಸು’ ಎನ್ನುತ್ತಾಳೆ. ಬದಿಗೆ ಎಂದರೆ ಎಲ್ಲಿ ಎಂಬುದನ್ನು ಹೇಳಿಕೊಡುವ ಕೆಲಸ ಸರ್ಕಾರದ್ದು.

ಬಿದ್ದವರನ್ನು ಎತ್ತುವ ಮಾತೂ ಹಳ್ಳಿಗಳಿಗೆ ತಲುಪಬೇಕಿದೆ. ಮೊದಲು ಓಡಿ ಬರುವವರು ಪಕ್ಕದ ಹೊಲದವರು, ಧಾಬಾದ ಹುಡುಗರು. ‘ಎತ್ತಿದರೆ ಕೋರ್ಟಿಗೆ ಅಲೆಸುತ್ತಾರೆ’ ಎಂಬ ಹೆದರಿಕೆ ಇನ್ನೂ ಹೋಗಿಲ್ಲ, ಕಾನೂನು ಬದಲಾಗಿದ್ದರೂ. ಇದೇ ಹೆದ್ದಾರಿಯ ಬೆಂಗಳೂರು ತುದಿಯಲ್ಲಿ, ನೆಲಮಂಗಲದ ಬಳಿ, 2016ರ ಫೆಬ್ರುವರಿಯಲ್ಲಿ ಹರೀಶ್ ಎಂಬ ಯುವಕ ಲಾರಿಗೆ ಸಿಲುಕಿ ದೇಹ ತುಂಡಾಗಿದ್ದಾಗಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡಿದ್ದ. ಅವನ ಕಣ್ಣುಗಳು ದಾನವಾದವು. ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡುವ ಸಾಂತ್ವನ ಯೋಜನೆಗೆ ರಾಜ್ಯ ಸರ್ಕಾರ ಅವನ ಹೆಸರಿಟ್ಟಿತು. ನೆರವಾದವರಿಗೆ ರಕ್ಷಣೆ ಕೊಡುವ ಕಾನೂನನ್ನೂ ಕರ್ನಾಟಕ ಅದೇ ವರ್ಷ ರೂಪಿಸಿತು. 2019ರ ತಿದ್ದುಪಡಿಯಿಂದ ಆ ರಕ್ಷಣೆ ಕೇಂದ್ರದ ಕಾಯ್ದೆಯಲ್ಲೂ ಸೇರಿದೆ: ಎತ್ತಿದವರು ಹೆಸರು ಹೇಳಬೇಕೆಂಬ ಬಲವಂತವಿಲ್ಲ. ಇಷ್ಟನ್ನು, 108 ಮತ್ತು ಹೆದ್ದಾರಿಯ 1033 ಸಂಖ್ಯೆಗಳ ಜೊತೆ, ಹೆದ್ದಾರಿ ಪಕ್ಕದ ಪ್ರತಿ ಹಳ್ಳಿಯ ಗೋಡೆಯ ಮೇಲೆ ಬರೆಸಬೇಕು.

ನವೆಂಬರಿನ ಮೂರನೇ ಭಾನುವಾರ ರಸ್ತೆಯಲ್ಲಿ ಸತ್ತವರನ್ನು ಜಗತ್ತು ನೆನೆಯುವ ದಿನ. 2005ರಲ್ಲಿ ವಿಶ್ವಸಂಸ್ಥೆ ಅದಕ್ಕೆ ಮನ್ನಣೆ ಕೊಟ್ಟಿತು. ನಮ್ಮಲ್ಲಿ ಅದು ಬರುವುದು ಹೆಚ್ಚಾಗಿ ಕಾರ್ತಿಕದಲ್ಲಿ, ಗುಡಿ ಗುಡಿಗಳಲ್ಲಿ ದೀಪ ಹಚ್ಚುವ ಹೊತ್ತಿನಲ್ಲಿ. ಗುಂಡೇನಹಳ್ಳಿ ಕ್ರಾಸಿನಲ್ಲಿ, ಹೆದ್ದಾರಿಯಿಂದ ದೂರ ಸುರಕ್ಷಿತವಾದ ಜಾಗ ನೋಡಿ, ಹದಿಮೂರು ಹಣತೆ ಹಚ್ಚಿದರೆ ಅದನ್ನು ನೋಡಲು ಎಮ್ಮೆಹಟ್ಟಿಯವರೂ ಬಂದಾರು.

ಮರುದಿನ ಸೋಮವಾರ, ವಹಿವಾಟಿನ ದಿನ. ಮೆಣಸಿನಕಾಯಿ ಮಾರುಕಟ್ಟೆಯ ಗೇಟಿನಲ್ಲಿ ಒಂದು ಮೇಜು, ಮೇಜಿನ ಮೇಲೆ ಕೆಂಪು ಪಟ್ಟಿಯ ಸುರುಳಿಗಳು, ಒರೆಸಲು ಹಸಿ ಬಟ್ಟೆ, ಇಬ್ಬರು ಹುಡುಗರು. ಒಳಗೆ ಹೋಗುವ ಪ್ರತಿ ಟ್ರೇಲರಿನ ಹಿಂಬದಿ ಒರೆಸಿ, ಪಟ್ಟಿ ಅಂಟಿಸಿ, ಮುಂದಿನದಕ್ಕೆ ಕೈ ಮಾಡಿ ಕರೆಯಬೇಕು.