ಸೋಯಾಕ್ಕೆ ಹೊಡೆದದ್ದು, ಜೋಳಕ್ಕೆ ತಗುಲಿದ್ದು

ಹೈದರಾಬಾದಿನ ಅಮೀರ್‌ಪೇಟೆಯ ಮೈತ್ರಿವನಂ ಸುತ್ತಲಿನ ಕೋಚಿಂಗ್ ಗಲ್ಲಿಗಳಲ್ಲಿ ಬೀದರ್, ಕಲಬುರಗಿ ಕಡೆಯ ಹುಡುಗರಿಗೆ ಕಡಿಮೆಯಿಲ್ಲ. ಹಗಲಿಡೀ ಜಾವಾ, ಪೈಥಾನ್ ಕಲಿತವರು ರಾತ್ರಿ ಊರಿಗೆ ಫೋನ್ ಹಚ್ಚಿದರೆ ಮಾತು ಹೊಲದ ಕಡೆಗೇ ಹೊರಳುತ್ತದೆ. ಹಿಂಗಾರಿಯಲ್ಲಿ ಒಂದು ದೂರು ಇದ್ದೇ ಇರುತ್ತದೆ: "ಜ್ವಾಳ ಛಲೋ ಹುಟ್ಟಿತ್ತು, ಆಮ್ಯಾಲ ಏಳಲೇ ಇಲ್ಲ." ಬೀಜ ಕೆಟ್ಟಿತ್ತು ಎನ್ನುತ್ತಾರೆ, ಸತುವಿನ ಕೊರತೆ ಎನ್ನುತ್ತಾರೆ. ಅವೂ ಇರಬಹುದು. ಆದರೆ ಅದೇ ಹೊಲದಲ್ಲಿ ಮುಂಗಾರಿಗೆ ಸೋಯಾ ಇತ್ತು ಎಂದಾದರೆ ಮೊದಲು ಕೇಳಬೇಕಾದದ್ದು ಬೇರೆ: ಕಸಕ್ಕೆ ಯಾವ ಎಣ್ಣೆ ಹೊಡೆದಿದ್ದಿರಿ?

ಕರ್ನಾಟಕದಲ್ಲಿ ಸೋಯಾಕ್ಕೆ ಹೆಸರಾದ ಜಿಲ್ಲೆ ಬೀದರ್. ಆಳು ಸಿಗದ ಕಾಲದಲ್ಲಿ ಕಸ ತೆಗೆಯುವ ಕೆಲಸ ಬಹುಪಾಲು ಕಳೆನಾಶಕಗಳಿಗೆ ಬಿದ್ದಿದೆ. ಅವುಗಳಲ್ಲಿ ಮುಖ್ಯವಾದದ್ದು ಇಮಾಝೆಥಾಪೈರ್. ಶೇ. 10ರ ದ್ರಾವಣ ಎಕರೆಗೆ 400 ಮಿಲಿಲೀಟರ್, ಅಂದರೆ ಹೆಕ್ಟೇರಿಗೆ ಬೀಳುವ ಅಸಲು ರಾಸಾಯನಿಕ 100 ಗ್ರಾಂ ಮಾತ್ರ. ಅಷ್ಟೇ ಸಾಕಾಗುತ್ತದೆ, ಏಕೆಂದರೆ ಅದು ಕೈಹಾಕುವುದು ಗಿಡದ ಆಯಕಟ್ಟಿನ ಜಾಗಕ್ಕೆ. ವ್ಯಾಲೀನ್, ಲ್ಯೂಸೀನ್, ಐಸೊಲ್ಯೂಸೀನ್ ಎಂಬ ಮೂರು ಅಮೈನೊ ಆಮ್ಲಗಳನ್ನು ಸಸ್ಯ ತಾನೇ ತಯಾರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಅಸಿಟೊಲ್ಯಾಕ್ಟೇಟ್ ಸಿಂಥೇಸ್ ಎಂಬ ಕಿಣ್ವವನ್ನು ಇಮಾಝೆಥಾಪೈರ್ ಕಟ್ಟಿಹಾಕುತ್ತದೆ. ಹೊಸ ಪ್ರೋಟೀನ್ ನಿಂತರೆ ಹೊಸ ಜೀವಕೋಶವೂ ನಿಂತಂತೆ. ಈ ಕಿಣ್ವ ನಮ್ಮ ದೇಹದಲ್ಲಿಲ್ಲ. ಆ ಮೂರನ್ನೂ ನಾವು ಬೇಳೆಕಾಳು, ಹಾಲಿನಿಂದ ಪಡೆಯುತ್ತೇವೆ.

ಸೋಯಾ ಈ ರಾಸಾಯನಿಕವನ್ನು ಬೇಗ ಒಡೆದು ನಿರುಪದ್ರವಿ ಮಾಡಿಕೊಳ್ಳುತ್ತದೆ. ಜೋಳಕ್ಕೆ ಆ ವೇಗ ಇಲ್ಲ. ಮೊಳಕೆ ಮೊದಲ ಕೆಲವು ದಿನ ಬೀಜದಲ್ಲಿದ್ದ ದಾಸ್ತಾನಿನ ಮೇಲೆ ಬದುಕುವುದರಿಂದ ಹುಟ್ಟುವಳಿ ಚೆನ್ನಾಗಿಯೇ ಕಾಣುತ್ತದೆ. ದಾಸ್ತಾನು ಮುಗಿದ ಮೇಲೆ ಸುಳಿ ಕುಂಠಿತವಾಗುತ್ತದೆ, ಎಲೆಯ ನರಗಳ ನಡುವೆ ಹಳದಿ ಪಟ್ಟೆ ಮೂಡುತ್ತದೆ, ಕೆಲವು ಗಿಡಗಳು ನೇರಳೆಗೆ ತಿರುಗುತ್ತವೆ. ಒಂದು ಗಿಡವನ್ನು ಮಣ್ಣುಸಹಿತ ಕಿತ್ತು ತೊಳೆದು ನೋಡಿ: ಕವಲು ಬೇರುಗಳೆಲ್ಲ ಗಿಡ್ಡಗಿಡ್ಡವಾಗಿ, ಬಾಟಲಿ ತೊಳೆಯುವ ಬ್ರಷ್‌ನಂತೆ ಒತ್ತಾಗಿ ನಿಂತಿರುತ್ತವೆ. ಇಂಥ ಬೇರು ಆಳದ ತೇವ ಮುಟ್ಟಲಾರದು. ಇತ್ತ ಎಲೆಯ ಮೇಲೆ ಬಿಸಿಲು ಬೀಳುತ್ತಲೇ ಇರುತ್ತದೆ. ಬೆಳವಣಿಗೆಗೆ ಬಳಕೆಯಾಗದ ಶಕ್ತಿಯಿಂದ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಉಗ್ರ ಅಣುಗಳು ಹುಟ್ಟಿ ಕೋಶದ ಪೊರೆಗಳನ್ನು ಸುಡತೊಡಗುತ್ತವೆ. ಅವನ್ನು ತಣಿಸಲು ಗಿಡ ಕ್ಯಾಟಲೇಸ್‌ನಂಥ ಕಿಣ್ವಗಳನ್ನು ದುಡಿಸುತ್ತದೆ. ತೆನೆ ಕಟ್ಟಬೇಕಾದ ಶಕ್ತಿ ಜೀವ ಉಳಿಸಿಕೊಳ್ಳುವುದಕ್ಕೇ ಹೋಗುತ್ತದೆ.

ಮಣ್ಣಿನಲ್ಲಿ ಇಮಾಝೆಥಾಪೈರ್ ಅರ್ಧಕ್ಕಿಳಿಯಲು 60ರಿಂದ 90 ದಿನ ಬೇಕು ಎಂಬುದು ಕೈಪಿಡಿಗಳ ಲೆಕ್ಕ. ಬಿಸಿಯೂ ತೇವವೂ ಇದ್ದ ಮಣ್ಣಿನಲ್ಲಿ ಇನ್ನೂ ಬೇಗ ಕರಗುತ್ತದೆ, ಏಕೆಂದರೆ ಅದನ್ನು ಒಡೆಯುವವು ಹೆಚ್ಚಾಗಿ ಸೂಕ್ಷ್ಮಜೀವಿಗಳು. ಮಳೆ ಕೈಕೊಟ್ಟ ವರ್ಷ ಅವುಗಳ ಕೆಲಸವೂ ನಿಧಾನವಾಗುತ್ತದೆ. ಜುಲೈನಲ್ಲಿ ಹೊಡೆದದ್ದರಲ್ಲಿ ಒಂದು ಪಾಲು ಅಕ್ಟೋಬರ್ ಬಿತ್ತನೆಗೂ ಕಾದಿರುತ್ತದೆ. ಬರದ ಪೆಟ್ಟು, ಶೇಷದ ಪೆಟ್ಟು ಎರಡೂ ಒಂದೇ ಸಸಿಯ ಮೇಲೆ ಬೀಳುವುದು ನನಗೆ ಅತ್ಯಂತ ಕಳವಳದ ಸಂಗತಿ.

ಕಳೆನಾಶಕವನ್ನೇ ಬಿಡಿ ಎಂದು ನಾನು ಹೇಳಲಾರೆ. ಕೂಲಿಯ ಲೆಕ್ಕ ಹಾಕುವವರು ರೈತರು. ಸರಿಯಾದ ಪ್ರಮಾಣ, ಒಳ್ಳೆಯ ಮಳೆ ಎರಡೂ ಇದ್ದಾಗ ತೊಂದರೆ ಅಪರೂಪ. ಕಸ ಸಾಯಲಿಲ್ಲವೆಂದು ಇಮ್ಮಡಿ ಹೊಡೆದಲ್ಲಿ, ಪಂಪು ಹೊತ್ತವರು ತಿರುಗುವ ಹೊಲದ ತುದಿಗಳಲ್ಲಿ ಅಪಾಯ ಹೆಚ್ಚು. ಗುರುತಿಸುವ ದಾರಿಯೂ ಅದೇ: ರೋಗ ಅಲ್ಲಲ್ಲಿ ಮಚ್ಚೆಮಚ್ಚೆಯಾಗಿ ಹಬ್ಬುತ್ತದೆ, ಶೇಷದ ಹಾನಿ ಸಿಂಪಡಿಸಿದ ಸಾಲು ಹಿಡಿದು ಸಾಗುತ್ತದೆ.

ಶೇಷ ಉಳಿದಿದೆಯೇ ಎಂದು ಬಿತ್ತುವ ಮುನ್ನವೇ ತಿಳಿಯಬೇಕೆಂದರೆ ಸೆಪ್ಟೆಂಬರ್‌ನಲ್ಲಿ, ಸೋಯಾ ಹೊಲದಲ್ಲಿರುವಾಗಲೇ, ನಾಲ್ಕಾರು ಕಡೆಯಿಂದ ಗೇಣುದ್ದ ಆಳದ ಮಣ್ಣು ತೆಗೆದು ಒಂದು ಕುಂಡಕ್ಕೆ ತುಂಬಿ. ಎಣ್ಣೆ ಕಾಣದ ಬದುವಿನ ಮಣ್ಣು ಇನ್ನೊಂದಕ್ಕೆ. ಎರಡಕ್ಕೂ ಅಷ್ಟಷ್ಟೇ ಜೋಳ ಊರಿ, ಮೂರು ವಾರ ನೀರು ಹಾಕಿ, ಬೇರು ತೊಳೆದು ಹೋಲಿಸಿ. ಹೊಲದ ಮಣ್ಣಿನ ಸಸಿ ಗಿಡ್ಡಾಗಿದ್ದರೆ ಆ ವರ್ಷ ಅಲ್ಲಿ ಜೋಳ ಬಿತ್ತಬೇಡಿ. ಬದಲಿ ಬೆಳೆ ಯಾವುದೆಂದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಹೋಗುವಾಗ ಡಬ್ಬಿಯ ಚೀಟಿಯನ್ನೂ ತೊಳೆದ ಆ ಎರಡು ಸಸಿಗಳನ್ನೂ ಒಯ್ಯಿರಿ.