ಗಲ್ಲೆಯ ಮೇಲಿನ ಭಾವಚಿತ್ರ

ಮುಂಬಯಿಯಲ್ಲಿ ನಮ್ಮವರ ಹಳೆಯ ಹೋಟೆಲುಗಳನ್ನು ಹೊಕ್ಕವರಿಗೆ ಗಲ್ಲೆಯ ಮೇಲ್ಗಡೆ, ದೇವರ ಪಟದ ಮಗ್ಗುಲಲ್ಲಿ, ಸಂಸ್ಥಾಪಕರ ಭಾವಚಿತ್ರವೊಂದು ಕಾಣಸಿಗುವುದು ವಾಡಿಕೆ. ಗಂಧದ ಚಕ್ಕೆಯ ಹಾರ, ಊದುಬತ್ತಿಯ ಹೊಗೆಗೆ ಮಾಸಿದ ಗಾಜು. ಅಂತಹ ಚಿತ್ರವೊಂದರ ಕೆಳಗೆ ಕುಳಿತು ಇಪ್ಪತ್ತು ವರ್ಷ ಚಿಲ್ಲರೆ ಎಣಿಸಿದ ನಾನು ಅದರ ಬೆಲೆಯನ್ನರಿತುದು ಮಾತ್ರ ತೀರ ಈಚೆಗೆ.

ಕಳೆದ ವರ್ಷ ತೀರ್ಥರೂಪರು ದೈವಾಧೀನರಾದರು. ಉತ್ತರಕ್ರಿಯೆಯ ದಿನಕ್ಕೆ ಕಟ್ಟು ಹಾಕಿಸಲು ಒಂದು ಒಳ್ಳೆಯ ಚಿತ್ರ ಬೇಕಾಯಿತು. ನನ್ನ ಮೊಬೈಲಿನಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿ ಚಿತ್ರಗಳಿದ್ದವು: ಮದುವೆಯೂಟದ ಎಲೆ, ಬೆಳಗಿನ ಶುಭಾಶಯದ ಹೂವು, ಜಿ.ಎಸ್.ಟಿ. ಕಾಗದಪತ್ರ. ತಂದೆಯವರದು ಆಸ್ಪತ್ರೆಯ ಹಾಸಿಗೆಯಲ್ಲಿ ತೆಗೆದವು ಮಾತ್ರ. ಅವರು ಗಟ್ಟಿಮುಟ್ಟಾಗಿದ್ದಾಗಿನವೆಲ್ಲ ಹಿಂದಿನ ಮೊಬೈಲು ಕೆಟ್ಟಾಗ ಅದರೊಡನೆಯೇ ಹೋಗಿದ್ದವು. ಕ್ಲೌಡಿನಲ್ಲಿ ಭದ್ರವಾಗಿವೆಯೆಂದು ಮಗನೆಂದ. ಆದರೆ ಆ ಖಾತೆಯ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಅದಕ್ಕೆ ಕೊಟ್ಟಿದ್ದ ಫೋನ್ ನಂಬರು ರದ್ದಾಗಿ ವರ್ಷಗಳಾಗಿದ್ದವು. ಬೀಗ ನಮ್ಮದೇ, ಬೀಗದ ಕೈ ಮಾತ್ರ ಇಲ್ಲ! ಕೊನೆಗೆ ಒದಗಿದುದು ತಾಯಿಯವರ ಟ್ರಂಕಿನೊಳಗಿನ ಆಲ್ಬಮ್. ಅದರಲ್ಲಿದ್ದ, ತಂದೆಯವರ ನಡುವಯಸ್ಸಿನ ಕಪ್ಪುಬಿಳುಪು ಚಿತ್ರವೇ ಈಗ ಕಟ್ಟಿನಲ್ಲಿದೆ.

ಆ ಆಲ್ಬಮ್ಮಿಗೂ ಒಮ್ಮೆ ಗಂಡಾಂತರ ಬಂದಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ತಾಸುಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿದಾಗ, ಕುರ್ಲಾದ ನಮ್ಮ ನೆಲಮಹಡಿಯ ಮನೆಯಲ್ಲಿ ಎದೆಮಟ್ಟ ನೀರು. ಮೂರನೆಯ ದಿನ ಟ್ರಂಕು ತೆರೆದರೆ ಚಿತ್ರಗಳೆಲ್ಲ ಕೆಸರು ಮೆತ್ತಿ ಒಂದಕ್ಕೊಂದು ಅಂಟಿದ್ದವು. ಎಸೆಯಹೊರಟ ನನ್ನನ್ನು ತಾಯಿಯವರು ತಡೆದರು. ನೆರೆಯ ಮರಾಠಿ ಫೋಟೋಗ್ರಾಫರರೊಬ್ಬರು ಉಪಾಯ ಹೇಳಿಕೊಟ್ಟರು. ಫೋಟೋ ಕಾಗದದ ಮೇಲಿನ ಲೇಪ ಜೆಲಟಿನ್ನಿನದು. ಅದು ನೀರಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಒತ್ತಾಗಿ ಒಣಗಿದರೆ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಆದುದರಿಂದ ಒಣಗಗೊಡದೆ ತಣ್ಣೀರಿನಲ್ಲಿ ನೆನೆಯಿಸಿ, ಒಂದೊಂದಾಗಿ ಬಿಡಿಸಬೇಕು, ಮುಖಭಾಗವನ್ನು ಉಜ್ಜಲಾಗದು. ಹೋಟೆಲಿನ ಅಗಲ ತಟ್ಟೆಗಳಲ್ಲಿ ತೊಳೆದು, ಬಟ್ಟೆಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗಬಿಟ್ಟೆವು. ಬಣ್ಣದವು ಬಹುಪಾಲು ಕೆಟ್ಟವು. ಬೆಳ್ಳಿಯ ಕಣಗಳಿಂದ ಮೂಡಿದ ಕಪ್ಪುಬಿಳುಪಿನವು ಉಳಿದುಕೊಂಡವು.

2011ರ ಮಾರ್ಚ್ 11ರ ಸುನಾಮಿಯ ತರುವಾಯ ಜಪಾನಿನಲ್ಲಿಯೂ ಸ್ವಯಂಸೇವಕರು ಕೆಸರಿನಿಂದ ಹೆಕ್ಕಿದ ಛಾಯಾಚಿತ್ರಗಳನ್ನು ಹೀಗೆಯೇ ತೊಳೆದು ಒಣಗಿಸಿ, ಜನರು ನೋಡುವಂತೆ ಇರಿಸಿದರು. ಮನೆಮಾರು ಕಳೆದುಕೊಂಡವರು ಬಂದು ತಮ್ಮವರ ಮುಖ ಗುರುತಿಸಿ ಒಯ್ದರು. ಮಿಯಾಗಿ ಪ್ರಾಂತದ ಯಾಮಾಮೊಟೊ ಎಂಬ ಒಂದೇ ಪಟ್ಟಣದಲ್ಲಿ ಸಂಗ್ರಹವಾದವು ಸುಮಾರು 7,50,000. ಕೆಸರಿನಲ್ಲಿ ಸಿಕ್ಕಿದ ಮೊಬೈಲೊಂದನ್ನು ಕಂಡು, ಅದರೊಳಗೆ ಯಾರ ತಾಯಿ ಇದ್ದಾಳೆಂದು ಹೇಳಬಲ್ಲವರಾರು?

ಹಾಗೆಂದು ಅಚ್ಚಾದ ಚಿತ್ರ ಅಮರವೇನಲ್ಲ. ನಮ್ಮಲ್ಲುಳಿದ ಕೆಲವೇ ಬಣ್ಣದ ಚಿತ್ರಗಳೂ ಮಾಸಿವೆ. ಅಂಟುಹಾಳೆಯ ಆಲ್ಬಮ್ಮುಗಳಂತೂ ಚಿತ್ರಗಳಿಗೆ ಶತ್ರುಗಳು. ಸಾವಿರಗಟ್ಟಲೆ ಅಚ್ಚು ಹಾಕಿಸಿರೆಂದು ನಾನು ಹೇಳೆನು. ವರ್ಷಕ್ಕೆ ಹತ್ತಾದರೆ ಸಾಕು. ಆದರೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆದಿಡತಕ್ಕದ್ದು.

ಬರೆಯದಿದ್ದರೆ ಏನಾಗುವುದೆಂಬುದಕ್ಕೆ ಅದೇ ಆಲ್ಬಮ್ಮಿನ ಮತ್ತೊಂದು ಚಿತ್ರ ಸಾಕ್ಷಿ. ಸ್ಟುಡಿಯೋದ ಪರದೆಯ ಮುಂದೆ ಎರವಲು ಕೋಟು ತೊಟ್ಟ ಮೂವರು ತರುಣರು. ಹಿಂದುಗಡೆ ತಂದೆಯವರ ಕೈಬರಹ: “ರಾತ್ರಿಶಾಲೆಯ ಪರೀಕ್ಷೆ ಮುಗಿದ ದಿನ, ಫೋರ್ಟ್, 1964.” ಎಡಗಡೆ ನಿಂತವರು ತಂದೆಯವರು, ಬಲಗಡೆ ನಮ್ಮ ಸೋದರಮಾವ. ನಡುವೆ ಕುರ್ಚಿಯಲ್ಲಿ ಕುಳಿತವರು ಯಾರು? ತಮ್ಮನ್ನು ಊರಿನಿಂದ ಕರೆತಂದು ಮೊದಲ ಕೆಲಸ ಕೊಡಿಸಿದ ಗೆಳೆಯರೊಬ್ಬರನ್ನು ತಂದೆಯವರು ಕೊನೆಯವರೆಗೂ ನೆನೆಯುತ್ತಿದ್ದರು, ಅವರೇ ಇರಬಹುದೇ? ತಾಯಿಯವರು ಅರಿಯರು, ಮಾವನವರೂ ಈಗಿಲ್ಲ.

ಆ ಚಿತ್ರ ನಮ್ಮ ಕಚೇರಿಯ ಮೇಜಿನ ಮೇಲಿದೆ. ಆ ಕಾಲದಲ್ಲಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹಿರಿಯರು ಯಾವುದಾದರೊಂದು ಸಂಜೆ ಇತ್ತ ದಯಮಾಡಿಸಿ, ಒಮ್ಮೆ ಅದನ್ನು ನೋಡಬೇಕೆಂದು ವಿನಂತಿ. ಕಾಫಿ ನಮ್ಮದು.