ಮಾರ್ಟಿನಿಗೆ ಜಿನ್ನೋ, ವೋಡ್ಕಾನೋ?

ಪ್ರಶ್ನೆ: ಮನೆಯಲ್ಲೇ ಮಾರ್ಟಿನಿ ಬೆರೆಸಲು ಯಾವುದನ್ನು ತರಲಿ?
– ಓದುಗರು, ಹೊಸಪೇಟೆ

ಉತ್ತರ: ಜಿನ್ ತನ್ನಿ. ಮಾರ್ಟಿನಿಯ ಜೀವವೇ ಜುನಿಪರ್ ಕಾಯಿಯ ಘಮ, ವೋಡ್ಕಾಕ್ಕೆ ಅದಿಲ್ಲ. ಎರಡರ ಬುನಾದಿ ಮಾತ್ರ ಒಂದೇ: ಧಾನ್ಯದಿಂದಲೋ, ಕಂಪ್ಲಿ ಸೀಮೆಯಲ್ಲಿ ಬೆಳೆಯುವಂಥ ಕಬ್ಬಿನ ಕಾಕಂಬಿಯಿಂದಲೋ ಇಳಿಸಿದ ಮದ್ಯಸಾರ. ನಮ್ಮಲ್ಲಿ ಎರಡರಲ್ಲೂ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರ. ಹಂಪಿಯಲ್ಲಿ ಮದ್ಯ ಮಾರುವುದಿಲ್ಲ, ಖರೀದಿ ನಿಮ್ಮೂರಲ್ಲೇ ಆಗಲಿ. ಮೊದಲು 180 ಮಿ.ಲೀ. ಬಾಟಲಿ ಸಾಕು. ಒಂದು ಚಮಚಕ್ಕೆ ಅಷ್ಟೇ ನೀರು ಬೆರೆಸಿ, ಐಸ್ ಹಾಕದೆ ಮೂಸಿ, ನಾಲಗೆಗೆ ಸೋಕಿಸಿ. ತಣ್ಣಗಾದರೆ ದೋಷ ಅಡಗುತ್ತದೆ. ಹಿಡಿಸಿದರೆ ಐದು ಪಾಲು ಜಿನ್ನಿಗೆ ಒಂದು ಪಾಲು ಡ್ರೈ ವರ್ಮೂತ್, ಐಸ್ ಹಾಕಿ ಕಲಕಿ ಸೋಸಿ. ವರ್ಮೂತ್ ದ್ರಾಕ್ಷಾರಸದ ಮದ್ಯ, ತೆರೆದ ಮೇಲೆ ಕೆಡುತ್ತದೆ. ಅದರ ತೆರೆದ ಬಾಟಲಿಯನ್ನು ಹೊಸಪೇಟೆಯ ಬಿಸಿಲಲ್ಲಿ ಹೊರಗಿಡಬೇಡಿ, ಫ್ರಿಜ್ಜಿನಲ್ಲಿಡಿ.